ಗೋಡೆಯ ಮೇಲಿನ ಎರಡು ಗೆರೆ

1981ನೇ ಇಸವಿ ಮಾರ್ಚ್ 14, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಓಬಳೇಶ ಕೊಟ್ಟೂರಿನ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಬೀರು ತೆಗೆದು, ಎರಡನೆಯ ಹಲಗೆಯ ಮೂಲೆಯಲ್ಲಿದ್ದ ಬೆಳಕು ಅಳೆಯುವ ಮೀಟರನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟ. ಅಂಗೈಯಗಲದ ಕರಿಯ ಡಬ್ಬಿ. ಗಾಜಿನ ಕೆಳಗೆ ಒಂದು ಮುಳ್ಳು, ಸೊನ್ನೆಯಿಂದ ಇಪ್ಪತ್ತೈದರವರೆಗೆ ಗೆರೆಗಳು, ಅವುಗಳ ಕೆಳಗೆ ಅಳತೆಯ ಹೆಸರು, ಫುಟ್‌ಕ್ಯಾಂಡಲ್ ಎಂದು ಸಣ್ಣ ಅಕ್ಷರ. ಎಂಟು ವರ್ಷದಿಂದ ಅದು ಅಲ್ಲೇ ಇತ್ತು. ಎಂಟು ವರ್ಷದಿಂದ ಅವನೂ ಅಲ್ಲೇ ಡೆಮಾನ್‌ಸ್ಟ್ರೇಟರ್ ಆಗಿದ್ದ. ದೀಪ ದೂರ ಸರಿದಂತೆ ಬೆಳಕು ಹೇಗೆ ಕಡಿಮೆಯಾಗುತ್ತದೆಂದು ತೋರಿಸಲು ವರ್ಷಕ್ಕೊಮ್ಮೆ ತೆಗೆದು, ಒರೆಸಿ, ಮತ್ತೆ ಒಳಗಿಡುತ್ತಿದ್ದ. ಈ ಡಬ್ಬಿಯನ್ನು ಹಿಡಿದುಕೊಂಡು ಅರ್ಧ ಮೈಲಿ ನಡೆದರೆ ಟಾಕೀಸು ಸಿಗುತ್ತದೆಂಬುದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ ಎಂದರೆ ಅರ್ಧ ನಿಜವಾದೀತು. ಉಳಿದ ಅರ್ಧ ಏನೆಂದು ಮೊನ್ನೆ ಗುರುವಾರದಿಂದ, ಎಂದರೆ ಆ ಪತ್ರ ಬಂದಾಗಿನಿಂದ, ಅವನು ನೋಡಿಯೂ ನೋಡದಂತೆ ಇದ್ದ.

ಸಾಮಾನು ಹೊರಗೆ ಒಯ್ಯುವಾಗ ತುಂಬಬೇಕಾದ ಪುಸ್ತಕದಲ್ಲಿ ದಿನಾಂಕ ಬರೆದ, ಸಾಮಾನಿನ ಹೆಸರು ಬರೆದ, ಸಹಿ ಹಾಕಿದ. ‘ಕಾರಣ’ ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಅಟೆಂಡರ್ ಜಂಬಯ್ಯ ಬಾಗಿಲ ಹತ್ತಿರ ಪ್ರಿಸಮ್ಮುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದವನು ಕತ್ತೆತ್ತಿ ನೋಡಿದ.

“ಮೀಟ್ರು ಎತ್ತ ಹೊಂಟೈತ್ರಿ ಸಾರ್?”

“ಒಂದೀಟು ಕೆಲಸ ಐತಿ ಜಂಬಯ್ಯ. ಸಂಜಿಯೊಳಗ ತಂದಿಡ್ತೀನಿ.”

“ತಂದಿಡ್ರಿ, ಯಾರು ಬ್ಯಾಡಂದ್ರು? ಕಾರಣ ಬರಿಯಾಕ ಇಷ್ಟೊತ್ತು ಮಾಡಿದೋರ್ನ ನಾ ನೋಡಿರ್ಲಿಲ್ಲ, ಅದಕ್ಕ ಕೇಳಿದೆ. ಈ ವರ್ಷ ಪ್ರಶಸ್ತಿ ಯಾರಿಗಂತ ಮೀಟ್ರು ಹೇಳ್ತೈತೇನು?”

ಓಬಳೇಶ ನಕ್ಕ. ‘ತಪಾಸಣೆ’ ಎಂದು ಬರೆದ. ಬರೆದ ಮೇಲೆ, ಯಾವುದರ ತಪಾಸಣೆ ಎಂದು ಯಾರಾದರೂ ಕೇಳಿದರೆ ಮೀಟರಿನದೇ ಎನ್ನಬಹುದು ಎಂದು ತಾನು ಆ ಪದವನ್ನು ಆರಿಸಿದ್ದು ಅವನಿಗೇ ತಿಳಿಯಿತು.

ಹೊರಗೆ ಬಿಸಿಲು ಆಗಲೇ ಬಿಳಿಯಾಗಿತ್ತು. ಮಂಡಕ್ಕಿ ಭಟ್ಟಿಯ ಗೋಡೆಯ ನೆರಳು ರಸ್ತೆಯ ಮಧ್ಯಕ್ಕೆ ಬಂದು ಕತ್ತರಿಸಿದಂತೆ ನಿಂತಿತ್ತು. ಇಂಥ ನೆರಳನ್ನು ಕಂಡರೆ ಅಂಕ ಕೊಡುವ ಚಟ ಅವನಿಗೆ ಏಳು ವರ್ಷದಿಂದ. ಹೊಸಪೇಟೆಯ ವಾರಪತ್ರಿಕೆಯೊಂದರಲ್ಲಿ ವರ್ಷಕ್ಕೊಂದು ಸಲ, ರಾಜ್ಯ ಪ್ರಶಸ್ತಿ ಸಮಿತಿ ಕೂರುವ ಮುಂಚೆ, ಅವನ ಬರಹ ಬರುತ್ತಿತ್ತು: ಛಾಯಾಗ್ರಹಣದ ಪ್ರಶಸ್ತಿ ಈ ಸಲ ಯಾರಿಗೆ? ಕೆಳಗೆ, ಓಬಳೇಶ, ಬಿ.ಎಸ್ಸಿ., ಕೊಟ್ಟೂರು. ಉಳಿದವರು ನಾಯಕ ನಾಯಕಿಯರ ಬಗ್ಗೆ ಬರೆಯುತ್ತಿದ್ದಾಗ ಅವನು ಬೆಳಕಿಗೆ ಮೂವತ್ತು ಅಂಕ, ಚೌಕಟ್ಟಿಗೆ ಇಪ್ಪತ್ತು, ಮುಖದ ಬಣ್ಣ ದೃಶ್ಯದಿಂದ ದೃಶ್ಯಕ್ಕೆ ಬದಲಾಗದಿರುವುದಕ್ಕೆ ಇಪ್ಪತ್ತು ಎಂದು ಕೋಷ್ಟಕ ಹಾಕಿ ನೂರಕ್ಕೆ ಲೆಕ್ಕ ಮುಗಿಸುತ್ತಿದ್ದ. ಈ ವರ್ಷದ್ದು ಬಿಟ್ಟರೆ, ಆರು ಸಲದಲ್ಲಿ ಐದು ಸಲ ಅವನು ಹೇಳಿದವರಿಗೇ ಬಂದಿತ್ತು. ಪ್ರಿನ್ಸಿಪಾಲರು ಒಮ್ಮೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ, “ಇದು ನೋಡಿ ವೈಜ್ಞಾನಿಕ ಮನೋಭಾವ” ಎಂದಿದ್ದರು. ಆಗ ಅವನು ತಲೆ ತಗ್ಗಿಸಿದ್ದ. ವಿನಯ ಎಂದುಕೊಂಡರು. ಕೋಷ್ಟಕ ಅವನದು, ನಿಜ. ಕೋಷ್ಟಕದೊಳಗೆ ತುಂಬಿದ್ದು ಅವನ ಸೋದರಮಾವ ದುರುಗಪ್ಪನ ಮಾತು. ಮೂವತ್ತೊಂದು ವರ್ಷದಿಂದ ಟಾಕೀಸಿನ ಪ್ರೊಜೆಕ್ಟರ್ ನಡೆಸುತ್ತಿದ್ದ ಮಾವ ಮ್ಯಾಟಿನಿ ಮುಗಿದ ಮೇಲೆ ರೀಲು ಸುತ್ತುತ್ತಾ, “ಆ ಬಾವಿ ಕಟ್ಟಿ ಮ್ಯಾಲೆ ಕುಂತಿದ್ಲಲ್ಲ, ಅಲ್ಲಿ ಬಿಸಿಲು ಬೆನ್ನ ಹಿಂದ ಇತ್ತು. ಮಾತಾಡಾಕ ಹತ್ತಿದ ಕೂಡ್ಲೇ ಮಕದ ಮುಂದ ಬಂತು. ಸೂರ್ಯ ಏನು ಅಕಿ ಮನಿ ಆಳೇನು?” ಎನ್ನುತ್ತಿದ್ದ. ಓಬಳೇಶ ಮನೆಗೆ ಬಂದು ‘ಬೆಳಕಿನ ದಿಕ್ಕಿನಲ್ಲಿ ಸಾತತ್ಯವಿಲ್ಲ, ನಾಲ್ಕು ಅಂಕ ಕಡಿತ’ ಎಂದು ಬರೆಯುತ್ತಿದ್ದ. ಪತ್ರಿಕೆ ಬಂದ ದಿನ ಅದನ್ನು ಮಾವನಿಗೆ ಒಯ್ದು ಕೊಟ್ಟರೆ ಅವನು ಕತ್ತರಿಸಿ, ಕೋಣೆಯ ತಗಡಿನ ಬಾಗಿಲ ಒಳಮೈಗೆ ಅಂಟಿಸುತ್ತಿದ್ದ. ನನ್ನ ಹೆಸರೆಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ. ಕೇಳದಿದ್ದುದನ್ನೇ ಓಬಳೇಶ ಒಪ್ಪಿಗೆ ಎಂದುಕೊಂಡಿದ್ದ.

ಅಂಗಿಯ ಜೇಬಿನಲ್ಲಿ ಇನ್‌ಲ್ಯಾಂಡ್ ಪತ್ರ ಬೆವರಿಗೆ ಮೆತ್ತಗಾಗಿತ್ತು. ತೆಗೆದು ಓದಬೇಕಾಗಿರಲಿಲ್ಲ. ಬರೆದವನು ಕರಿಸಿದ್ದಪ್ಪ, ಹಿರೇಹಡಗಲಿಯವನು. ಮದ್ರಾಸಿನಲ್ಲಿ ಹತ್ತು ವರ್ಷ ಬೇರೆಯವರ ಕ್ಯಾಮೆರಾ ಹೊತ್ತು, ಮೊದಲ ಸಲ ತಾನೇ ಛಾಯಾಗ್ರಾಹಕನಾಗಿ ಒಂದು ಕಪ್ಪುಬಿಳುಪಿನ ಚಿತ್ರ ತೆಗೆದಿದ್ದ. ಎಣ್ಣೆಗಾಣದ ಮನೆಯೊಂದರ ಕಥೆ. ಜನವರಿಯಲ್ಲಿ ಮೂರೇ ದಿನ ಕೊಟ್ಟೂರಿನಲ್ಲಿ ಓಡಿ ಹೋಯಿತು. ಓಬಳೇಶ ಫೆಬ್ರವರಿಯ ಬರಹದಲ್ಲಿ ಅದಕ್ಕೆ ನೂರಕ್ಕೆ ಮೂವತ್ನಾಲ್ಕು ಕೊಟ್ಟಿದ್ದ. ‘ಮನೆಯೊಳಗಿನ ದೃಶ್ಯಗಳೆಲ್ಲ ಕೆಸರಿನಲ್ಲಿ ಅದ್ದಿ ತೆಗೆದಂತಿವೆ. ಈ ಛಾಯಾಗ್ರಾಹಕರಿಗೆ ಬೆಳಕಿನ ಅಳತೆಯೇ ತಿಳಿದಂತಿಲ್ಲ.’ ಅಳತೆ ಎಂಬ ಪದ ಬರೆದಾಗ ಒಂದು ಕ್ಷಣ ಖುಷಿಯಾಗಿದ್ದು ಈಗಲೂ ನೆನಪಿತ್ತು. ಕರಿಸಿದ್ದಪ್ಪ ಸಿಟ್ಟಿನಿಂದ ಬರೆದಿದ್ದರೆ ಎಷ್ಟು ಸುಲಭವಾಗುತ್ತಿತ್ತು! ‘ನಿಮ್ಮ ಬರಹಗಳನ್ನು ಮೊದಲಿನಿಂದ ಓದುತ್ತೇನೆ. ಮುದುಕಿ ಗಾಣದ ಮುಂದೆ ಕೂತ ದೃಶ್ಯದಲ್ಲಿ ಅವಳ ಎಡಗಣ್ಣಿನ ಕೆಳಗೆ ಸಾಸಿವೆ ಕಾಳಿನಷ್ಟು ಬೆಳಕು ಇಟ್ಟಿದ್ದೆ. ಅದಕ್ಕೆ ಎರಡು ದಿನ ಹಿಡಿಯಿತು. ಅದು ನಿಮಗೆ ಕಂಡಿತೆ? ಕಾಣದಿದ್ದರೆ ತಪ್ಪು ನನ್ನದೇ ಇರಬಹುದು, ಮುಂದಿನ ಚಿತ್ರಕ್ಕೆ ತಿದ್ದಿಕೊಳ್ಳುತ್ತೇನೆ. ಯಾವ ಊರಿನಲ್ಲಿ, ಯಾವ ಸಾಲಿನಲ್ಲಿ ಕೂತು ನೋಡಿದಿರೆಂದು ದಯವಿಟ್ಟು ತಿಳಿಸಿ. ನಮ್ಮೂರಿಗೂ ಈ ಪತ್ರಿಕೆ ಬರುತ್ತದೆ. ನಮ್ಮ ತಂದೆಯವರು ಕ್ಷೌರದಂಗಡಿಯಲ್ಲಿ ಓದಿಸಿ ಕೇಳಿದರಂತೆ.’

ಕಂಡಿತೆ? ಗುರುವಾರದಿಂದ ಓಬಳೇಶ ಆ ಮುದುಕಿಯನ್ನು ಕರೆದು ಕರೆದು ಮುಂದೆ ಕೂರಿಸಿಕೊಳ್ಳುತ್ತಿದ್ದ. ಮೊದಲ ದಿನ ಅವಳ ಮುಖವಿದ್ದ ಜಾಗದಲ್ಲಿ ಬರೀ ಕಪ್ಪು. ನಿನ್ನೆ ಊಟಕ್ಕೆ ಕೂತಾಗ ಎಡಗಣ್ಣಿನ ಕೆಳಗೆ ಏನೋ ಮಿನುಗಿದಂತಾಯಿತು. ಇವತ್ತು ಬೆಳಿಗ್ಗೆ ಸ್ಪಷ್ಟವಾಗಿ ಕಂಡಿತು: ಒಂದು ಕಾಳು, ಬೆಳ್ಳಗೆ, ಅವಳು ಉಸಿರಾಡಿದಾಗ ಅಲುಗುತ್ತಿತ್ತು. ಅದನ್ನು ಅಲ್ಲಿ ಇಟ್ಟವನು ಕರಿಸಿದ್ದಪ್ಪನೋ, ಪತ್ರ ಓದಿದ ಮೇಲೆ ತಾನೋ? ಇನ್ನು ಯಾವತ್ತೂ ಅದನ್ನು ಬೇರ್ಪಡಿಸಲು ಸಾಧ್ಯವಿರಲಿಲ್ಲ. ಆದರೆ ಚಿತ್ರ ನೋಡಿದ ದಿನ ಮಾವ ಹೇಳಿದ್ದು ನೆನಪಿತ್ತು, ಅಕ್ಷರ ಬಿಡದೆ. “ಎಲ್ಲಾ ಮಬ್ಬೋ ಮಬ್ಬು ನೋಡಲೇ. ಕೆಸರಾಗ ಅದ್ದಿ ತಗದಂಗ ಐತಿ.” ಏಳು ವರ್ಷ ನಂಬಿದ ಕಣ್ಣು. ತನ್ನ ಕಣ್ಣನ್ನು ಕೇಳುವ ಗೋಜಿಗೇ ಅವನು ಹೋಗಿರಲಿಲ್ಲ.

ಟಾಕೀಸಿನ ಮುಂದೆ ಬೇವಿನ ಮರದ ಕೆಳಗೆ ಮಾಲೀಕ ಶಿವಯೋಗಪ್ಪ ಕುರ್ಚಿ ಹಾಕಿಸಿಕೊಂಡು ಹೊಸ ಪೋಸ್ಟರಿನ ಸುರುಳಿ ಬಿಡಿಸುತ್ತಿದ್ದರು. ಹತ್ತಿಯ ವ್ಯಾಪಾರದ ಜೊತೆಗೆ ಟಾಕೀಸು ಇಟ್ಟುಕೊಂಡ ಮನುಷ್ಯ, ಮಾತು ಮೃದು.

“ಬರ್ರಿ ಬರ್ರಿ, ಬಿ.ಎಸ್ಸಿ.ಯೋರು! ನಿಮ್ಮನ್ನ ನೆನಸಾಕ ಹತ್ತಿದ್ದೆ. ಒಂದು ಮಾತು ಹೇಳ್ರಿ, ಕೂಡ್ರಿ. ಜನ ಬೆಳಕು ಸಾಲದು ಅಂತ ಕೂಗ್ತಾರ. ಮೊನ್ನಿ ಯಾವನೋ ಒಬ್ಬ, ಲಾಟೀನು ತರ್ಲೇನು ಅಂದ. ದುರುಗಪ್ಪನ್ನ ಕೇಳಿದ್ರ ಎಲ್ಲಾ ಚಲೋ ಐತಿ ಅಂತಾನ. ಅವನ ಮಾತು ಮೀರಿ ನಾ ಒಂದು ಸ್ಕ್ರೂ ತಿರುವಿದೋನಲ್ಲ. ಹರಪನಹಳ್ಳಿಯಾಗ ಒಬ್ಬ ಆಪರೇಟ್ರು ಬರ್ತೀನಿ ಅಂತ ಅದಾನ. ಏನು ಮಾಡಾಣು? ನೀವು ಓದಿದೋರು. ನೀವು ಚಲೋ ಐತಿ ಅಂದ್ರ ಚಲೋ ಐತಿ, ಮುಗೀತು.”

“ನೋಡಿ ಹೇಳ್ತೀನ್ರಿ,” ಎಂದ ಓಬಳೇಶ. ಮೀಟರಿದ್ದ ಚೀಲವನ್ನು ಯಾಕೆ ಬೆನ್ನ ಹಿಂದೆ ಸರಿಸಿದೆ ಎಂದು ಅವನಿಗೇ ಗೊತ್ತಾಗಲಿಲ್ಲ.

ಕೋಣೆಗೆ ಹೋಗುವ ಕಬ್ಬಿಣದ ಏಣಿಗೆ ಹದಿನಾಲ್ಕು ಮೆಟ್ಟಿಲು. ಏಳನೆಯ ವಯಸ್ಸಿನಲ್ಲಿ ಮೊದಲ ಸಲ ಹತ್ತುವಾಗ ಎಣಿಸಿದ್ದ, ಆಮೇಲೆ ಎಣಿಸದೆ ಹತ್ತಿದ ನೆನಪಿಲ್ಲ. ಕೆಳಗೆ ಕುರ್ಚಿಯಲ್ಲಿ ಕೂತವರು ನೀನು ಯಾರ ಮಗ ಎಂದು ಕೇಳಿ, ಉತ್ತರ ಕೇಳಿದ ಮೇಲೆ ನೆಲಕ್ಕೆ ಕಳಿಸುತ್ತಿದ್ದರು. ಮೇಲಿನ ಕೋಣೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಮಾವ ಅವನನ್ನು ರೀಲಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ದೀಪದ ಗೂಡಿನ ಕಿಟಕಿಗೆ ಕರಿಯ ಗಾಜು ಹಿಡಿದು ತೋರಿಸಿದ್ದ. ಎರಡು ಕಾರ್ಬನ್ ಕಡ್ಡಿಗಳು, ಬೆರಳು ಮುಟ್ಟಿಸಲು ಬಂದು ಮುಟ್ಟಿಸದೆ ನಿಂತ ಹಾಗೆ, ನಡುವೆ ಉರಿಯುವ ಒಂದು ಬಿಳಿ ಸಂದು. “ಬರಿಗಣ್ಣಿಲೆ ನೋಡಬ್ಯಾಡ, ಕಣ್ಣು ತಿಂತೈತಿ,” ಎಂದು ಹೇಳಿದ ಮಾವ ತಾನು ಗಾಜಿಲ್ಲದೆ ಬಗ್ಗಿ ಕಡ್ಡಿ ಸರಿಪಡಿಸಿದ್ದ. ಇದ್ದದ್ದು ಒಂದೇ ಗಾಜು, ಅದು ಅಳಿಯನ ಕೈಯಲ್ಲಿತ್ತು. ಬಿ.ಎಸ್ಸಿ.ಯಲ್ಲಿ ಪಾಠ ಮಾಡುವವರು ಆರ್ಕ್ ದೀಪದ ಚಿತ್ರ ಬರೆದಾಗ ಇಡೀ ತರಗತಿಯಲ್ಲಿ ಅದನ್ನು ಕಂಡವನು ತಾನೊಬ್ಬನೇ ಎಂದು ಅವನಿಗೆ ಹೆಮ್ಮೆಯಾಗಿತ್ತು.

“ಬಾರಲೇ ಮಾಸ್ತರ. ಹೆಜ್ಜಿ ಸಪ್ಪಳಕ್ಕ ಗೊತ್ತಾತು,” ಎಂದ ದುರುಗಪ್ಪ. ಅರವತ್ತಕ್ಕೆ ಒಂದು ಕಡಿಮೆ, ತೆಳ್ಳನೆ ಮನುಷ್ಯ. ಮ್ಯಾಟಿನಿಗೆ ಮೊದಲು ಮೆಷಿನ್ ಬಿಸಿ ಮಾಡಿಕೊಳ್ಳುತ್ತಿದ್ದ. “ಚೀಲದಾಗ ಏನು? ನಿಮ್ಮತ್ತೀಗೆ ಬದನಿಕಾಯೇನು?”

“ಮೀಟ್ರು ಮಾವ. ಕಾಲೇಜಿಂದು.”

“ಓಹೋ! ದೊಡ್ಡ ಡಾಕ್ಟ್ರು ಬಂದಂಗಾತು,” ಎಂದು ನಕ್ಕು ಮಾವ ಕಡ್ಡಿಗಳನ್ನು ಮುಟ್ಟಿಸಿ ದೀಪ ಹೊತ್ತಿಸಿದ. ಗೂಡಿನ ಬದಿಯಲ್ಲಿ ಒಂದು ಸಣ್ಣ ತೂತಿತ್ತು. ಅದರ ಮೂಲಕ ಕಡ್ಡಿಗಳ ತುದಿಯ ಬಿಂಬ ಪಕ್ಕದ ಗೋಡೆಯ ಮೇಲೆ ಬೀಳುತ್ತಿತ್ತು. ಅಲ್ಲಿ ಮಾವ ಯಾವ ಕಾಲದಲ್ಲೋ ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದ. ಎರಡು ತುದಿಗಳ ಬಿಂಬ ಎರಡು ಗೆರೆಗಳ ಮೇಲೆ ಕೂತರೆ ಸಂದು ಸರಿ, ಬೆಳಕು ಪೂರ್ತಿ. ಕಡ್ಡಿ ಉರಿದು ಸವೆದಂತೆ ತಿರುಪು ತಿರುಗಿಸುತ್ತಾ ಗೆರೆಗೆ ತರುತ್ತಿರಬೇಕು. ಆಟ ಮುಗಿಯುವವರೆಗೂ ಮಾವನ ಒಂದು ಕೈ ತಿರುಪಿನ ಮೇಲೆ, ಒಂದು ಕಣ್ಣು ಗೋಡೆಯ ಮೇಲೆ.

ಈಗಲೂ ಕಣ್ಣು ಗೋಡೆಯ ಮೇಲಿತ್ತು. ಓಬಳೇಶನೂ ನೋಡಿದ. ಗೋಡೆಗೆ ಸುಣ್ಣ ಹೊಡೆದಿತ್ತು. ಬಿಳಿ ಸುಣ್ಣದ ಮೇಲೆ ಎರಡು ತುದಿಗಳ ಬಿಂಬ ಒಂದಕ್ಕೊಂದು ದೂರ ದೂರ ನಿಂತು ನಡುಗುತ್ತಿತ್ತು. ಗೆರೆಗಳಿರಲಿಲ್ಲ. ಕಳೆದ ದಸರೆಗೇ ಟಾಕೀಸಿಗೆಲ್ಲ ಸುಣ್ಣವಾಗಿತ್ತು, ಎಂದರೆ ಐದು ತಿಂಗಳು. ಗಾಣದ ಚಿತ್ರ ಬಂದದ್ದು ಜನವರಿಯಲ್ಲಿ. ಗೂಡಿನ ಹಿಂದಿನ ಕನ್ನಡಿಯ ಮೇಲೆ ಕಡ್ಡಿಗಳ ತಾಮ್ರದ ಲೇಪ ಸಣ್ಣ ಸಣ್ಣ ಹನಿಯಾಗಿ ಸಿಡಿದು, ಸಿಡುಬಿನ ಮುಖದಂತೆ ಆಗಿದ್ದೂ ಆಗಲೇ ಅವನಿಗೆ ಕಂಡಿತು. ಮಾವ ಆ ಕನ್ನಡಿಯನ್ನು ದಿನಾ ಒರೆಸುತ್ತಾನೆ. ಒರೆಸಿದ ಬಟ್ಟೆ ಮೊಳೆಗೆ ನೇತಾಡುತ್ತಿತ್ತು.

“ಗೆರಿ ಮ್ಯಾಲೆ ಬಂತೇನು ನೋಡು,” ಎಂದ ಮಾವ, ತಿರುಪು ಹಿಡಿದುಕೊಂಡೇ.

“ಬಂದೈತಿ ಮಾವ.”

ಅಷ್ಟು ಸಲೀಸಾಗಿ ಬಂತು ಆ ಮಾತು. ಯೋಚಿಸಿ ಆಡಿದ ಸುಳ್ಳಾಗಿದ್ದರೆ ಇಷ್ಟು ಹಗುರಾಗಿರುತ್ತಿರಲಿಲ್ಲ. ಮಾವ ದೀಪ ಆರಿಸಿ ಪೆಟ್ಟಿಗೆಯ ಮೇಲೆ ಕೂತ. ಓಬಳೇಶ, ನಿಂತುಕೊಂಡೇ, ಏನಾದರೂ ಮಾಡಬೇಕೆಂದು ಪತ್ರ ತೆಗೆದು ಓದಿದ. ಮುದುಕಿಯ ಎಡಗಣ್ಣಿನ ಹತ್ತಿರ ಬಂದಾಗ ಮಾವನ ಮುಖ ನೋಡಲಾರದೆ ಬಾಗಿಲ ಕಡೆ ತಿರುಗಿದ. ತಗಡಿನ ಮೇಲೆ ಏಳೂ ಬರಹಗಳ ತುಣುಕು ಸಾಲಾಗಿ ಅಂಟಿದ್ದವು, ಮೊದಲಿನದು ಹಳದಿಯಾಗಿತ್ತು. ಎಲ್ಲದರ ಕೆಳಗೂ ಅವನದೇ ಹೆಸರು.

“ಅವರಪ್ಪ ಕ್ಷೌರದಂಗಡಿಯಾಗ ಓದಿಸಿ ಕೇಳ್ಯಾನಂತ?” ಎಂದ ಮಾವ.

“ಹಂಗಂತ ಬರದಾನ.”

“ಅರ್ಧ ಮಕ ಬೋಳಿಸಿದಾಗ ಎದ್ದು ಬರಾಕೂ ಆಗಂಗಿಲ್ಲ, ಪಾಪ.” ಮಾವ ನಗಲಿಲ್ಲ. “ಮಬ್ಬು ಅಂತ ನಾ ಅಂದೆ, ನೀ ಬರದಿ. ಪಡದಿ ಮಬ್ಬೋ, ನಿನ್ನ ಕಣ್ಣು ಮಬ್ಬೋ ಅಂತ ನನ್ನ ನೀನರ ಕೇಳಬೇಕಿತ್ತಲ್ಲ? ಓದಿದೋನು ನೀನು.”

“ಮಾವ...”

“ಸುಣ್ಣ ನಾನ ಹೊಡದೀನಲೇ ಆ ಗೋಡಿಗೆ. ನನ್ನ ಕೈಲೆ. ನನ್ನ ಕಣ್ಣಿಗೆ ಕಾಣದ ಗೆರಿ ಇದ್ದರೇನು, ಹೋದರೇನು ಅಂತ ಅದರ ಮ್ಯಾಲೂ ಎಳದುಬಿಟ್ಟೆ. ಈಗ ಸಪ್ಪಳದ ಮ್ಯಾಲೆ ನಡಸ್ತೀನಿ. ಕಡ್ಡಿ ಬಾಳ ಹತ್ರ ಬಂದ್ರ ಸುಯ್ ಅಂತೈತಿ. ಸುಯ್ ಅನ್ನೋದು ನಿಂತ ಕಡಿಗೆ ಬಿಟ್ಟು, ಮ್ಯಾಲೊಂದೀಟು ಹಿಂದಕ್ಕ ತರ್ತೀನಿ.” ಗೋಡೆಯ ಕಡೆ ಕೈ ತೋರಿಸಿದ. “ಬಂದೈತಿ ಅಂದ್ಯಲ್ಲ, ಯಾವ ಗೆರಿ ಮ್ಯಾಲೆ ಬಂದೈತಿ?”

ಓಬಳೇಶನಿಗೆ ಒಂದು ಸಲ, ಪಿ.ಯು.ಸಿ.ಯಲ್ಲಿ, ಪ್ರಯೋಗ ಮಾಡದೆಯೇ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಅಂಕಿಗಳನ್ನು ಬರೆದು ಸಿಕ್ಕಿಬಿದ್ದದ್ದು ನೆನಪಾಯಿತು. ಆಗ ಮೇಷ್ಟ್ರು ಬೈದಿರಲಿಲ್ಲ. ಪುಸ್ತಕವನ್ನು ಮುಚ್ಚಿ ಅವನ ಮುಂದೆ ತಳ್ಳಿದ್ದರು, ಅಷ್ಟೆ. ಇವತ್ತೂ ಅದೇ ಸದ್ದಿಲ್ಲದ ಕೈ. ಏನು ಹೇಳಬಹುದಿತ್ತು? ನಿನ್ನ ಮನಸ್ಸು ನೋಯಬಾರದೆಂದು ಅಂದೆ ಎನ್ನಬಹುದಿತ್ತು. ಆದರೆ ನೋಯಬಾರದಾಗಿದ್ದುದು ಯಾರ ಮನಸ್ಸು? ಈ ಕೋಣೆಯ ಬೆಳಕು ಕೆಟ್ಟಿತ್ತೆಂದು ಬರೆದರೆ ಕರಿಸಿದ್ದಪ್ಪನಿಗೆ ಉತ್ತರ ಸಿಗುತ್ತದೆ, ಶಿವಯೋಗಪ್ಪನಿಗೂ ಸಿಗುತ್ತದೆ, ಸೋಮವಾರ ಹರಪನಹಳ್ಳಿಯವನು ಈ ಪೆಟ್ಟಿಗೆಯ ಮೇಲೆ ಕೂತಿರುತ್ತಾನೆ. ಬರೆಯದಿದ್ದರೆ ಹಿರೇಹಡಗಲಿಯ ಮುದುಕನೊಬ್ಬ ಮಗನಿಗೆ ಅಳತೆ ಗೊತ್ತಿಲ್ಲವೆಂದು ನಂಬಿಕೊಂಡೇ ಇರುತ್ತಾನೆ. ಸರಿಯಾದ ಐದು ವರ್ಷವೂ ತನ್ನ ಹೆಸರು ಮಾತ್ರ ಹಾಕಿಕೊಂಡು, ತಪ್ಪಿದ ಈ ವರ್ಷಕ್ಕೆ ಮಾವನ ಕಣ್ಣನ್ನು ಮುಂದೆ ಮಾಡುವುದು ಹೇಗೆ? ಹಾಗೆ ಮಾಡದೆ ಇರುವುದೂ ಹೇಗೆ? ಮೂರು ದಿನದಿಂದ ಈ ಎರಡು ಕಡ್ಡಿಗಳ ನಡುವೆಯೇ ಅವನು ಉರಿಯುತ್ತಿದ್ದ.

“ಪುಸ್ತಕದಾಗ ಎಷ್ಟಿರಬೇಕಂತ?” ಎಂದ ಮಾವ, ಮೀಟರನ್ನು ಬೆರಳಿನಿಂದ ಮುಟ್ಟಿ ನೋಡುತ್ತಾ.

“ಪಡದಿ ಮ್ಯಾಲೆ ಹದಿನಾರು.”

“ಅದು ಬೆಂಗಳೂರಿಗಾತು. ಕೊಟ್ಟೂರಿಗೆ?”

“ಹತ್ತು ಇದ್ರ ನಡೀತೈತಿ. ಅದಕ್ಕೂ ಕೆಳಗ ಹೋದ್ರ ಕಪ್ಪಿನೊಳಗಿದ್ದದ್ದು ಕಾಣಂಗಿಲ್ಲ.”

“ಸರಿ. ವರ್ಷಾ ಅಂದಾಜು ಹಾಕ್ತೀವಲ್ಲ, ಈ ವರ್ಷದ್ದು ಇದ. ನನ್ನ ಅಂದಾಜು ಹನ್ನೆರಡು. ನಿಂದು?”

“ಎಂಟು,” ಎಂದ ಓಬಳೇಶ. ಸುಳ್ಳು ಹೇಳಲಿಲ್ಲ, ಎಂಟೆಂದೇ ಅವನಿಗೆ ಅನಿಸಿತ್ತು.

“ಅಯ್ಯ, ಜಿಪುಣ!” ಮಾವ ಎದ್ದು ನಿಂತು ಧೋತರ ಕೊಡವಿಕೊಂಡ. “ಫಿಲಂ ಹಾಕದ ಬರೇ ಬೆಳಕು ಬಿಡ್ತೀನಿ. ದಿನಾ ಹೆಂಗ ಬಿಡ್ತೀನೋ ಹಂಗ. ನೀ ಇಲ್ಲಿ ತಿರುಪು ಮುಟ್ಟಬ್ಯಾಡ, ಕೆಳಗ ಹೋಗಿ ಅಳಿ. ಹತ್ತಕ್ಕ ಮ್ಯಾಲೆ ಬಂದ್ರ ತಪ್ಪು ಆ ಹಡಗಲಿ ಹುಡುಗಂದು, ನೀ ಬರದದ್ದು ಬರದಂಗ ಇರಲಿ. ಕೆಳಗ ಬಂದ್ರ ಇವತ್ತಿನ ಆಟ ಮುಗಿಸಿ ನಾನ ಹೋಗಿ ಶಿವಯೋಗಪ್ಪಗ ಕೀಲಿ ಕೊಡ್ತೀನಿ. ನೀ ಪತ್ರಿಕಿಗೆ ಬರಿ. ಮಬ್ಬು ಅಂದಾವ ದುರುಗಪ್ಪ ಅಂತ ಬರಿ, ಹೆಸರು ಹಾಕಿ ಬರಿ. ಒಂದ್ಸಲರ ಬರಲಿ ನನ್ನ ಹೆಸರು.” ಅದು ಚುಚ್ಚುಮಾತೋ ತಮಾಷೆಯೋ ಓಬಳೇಶನಿಗೆ ತಿಳಿಯಲಿಲ್ಲ. ಬಾಗಿಲ ತನಕ ಹೋದಾಗ ಮಾವ ಮತ್ತೆ ಕರೆದ. “ಲೇ, ಅಲ್ಲಿಂದ ನೀ ಎಷ್ಟು ಅಂದ್ರೂ ನನಗ ಗೊತ್ತಾಗಂಗಿಲ್ಲ. ಮುಳ್ಳು ನಾ ನೋಡಲಾರೆ. ಅದಕ್ಕ ಹೇಳ್ತೀನಿ, ಸುಳ್ಳು ಹೇಳಬ್ಯಾಡ.”

ಖಾಲಿ ಟಾಕೀಸಿನೊಳಗೆ ಬಾಗಿಲು ಹಾಕಿ, ಕರಿಯ ಪರದೆಗಳನ್ನು ಎಳೆದು, ಬೆಂಚುಗಳ ನಡುವೆ ನಡೆಯುವಾಗ ಹಳೆಯ ಬೀಡಿಯ ವಾಸನೆ, ಕಡಲೆಸಿಪ್ಪೆ ಕಾಲಿಗೆ ಸಿಕ್ಕು ಮುರಿಯುವ ಸದ್ದು. ಮುಂದೆ ನೆಲದ ಜಾಗ. ಅಲ್ಲಿ ಕೂತಿದ್ದ ದಿನಗಳು. ಪರದೆಯ ಮಧ್ಯಕ್ಕೆ ಕೈ ಎಟುಕಲು ಒಂದು ಬೆಂಚು ಎಳೆದು ಹತ್ತಿ ನಿಂತ. ಮೊದಲು ಕತ್ತಲಿಗೆ ಕಣ್ಣು ಹೊಂದಿಸಿಕೊಂಡು, ಮುಳ್ಳು ಸೊನ್ನೆಯ ಮೇಲಿದೆಯೇ ಎಂದು ನೋಡಿಕೊಂಡ. ಚಾವಣಿಯ ತಗಡಿನ ತೂತುಗಳಿಂದ ಬಂದ ಬಿಸಿಲಿಗೆ ಮುಳ್ಳು ಅಲುಗಲಿಲ್ಲ. ಆಮೇಲೆ ಮೇಲಿನ ಕಿಂಡಿಯಿಂದ ಬೆಳಕು ಬಂತು.

ಧೂಳೆಲ್ಲ ಎದ್ದು ಬೆಳಕಿನ ದಾರಿಯಲ್ಲಿ ತೇಲತೊಡಗಿತು. ಚಿತ್ರವಿಲ್ಲದ ಪರದೆ ಅವನ ಮುಂದೆ ಹಾಲು ಕದಡಿದ ನೀರಿನ ಬಣ್ಣಕ್ಕೆ ನಿಂತಿತು. ಅದರ ಮೇಲೆ ಅವನದೇ ನೆರಳು, ಅಂಚು ಒರೆಸಿಹೋದಂತೆ, ಕೈಯಲ್ಲಿ ಡಬ್ಬಿ ಹಿಡಿದು. ನೆರಳು ಮೀಟರಿನ ಮೇಲೆ ಬೀಳಬಾರದು. ಒಂದು ಹೆಜ್ಜೆ ಬದಿಗೆ ಸರಿದು, ತೋಳು ಚಾಚಿ, ಮೀಟರಿನ ಬೆಳಕು ಹಿಡಿಯುವ ಸೆಲ್ಲನ್ನು ಕಿಂಡಿಯ ಕಡೆ ತಿರುಗಿಸಿದ. ಓದಿದ. ಕೈ ಇಳಿಸಿ ಮತ್ತೆ ಎತ್ತಿ ಓದಿದ. ಮೂರನೆಯ ಸಲವೂ ಓದಿದ. ಒಂದೇ ಅಳತೆಯನ್ನು ನಂಬಬಾರದೆಂದು ಎಂಟು ವರ್ಷದಿಂದ ಹುಡುಗರಿಗೆ ಹೇಳುತ್ತಾ ಬಂದಿದ್ದ. ಇಷ್ಟು ಮಂದ ಬೆಳಕಿನಲ್ಲಿ ಸಾಸಿವೆ ಕಾಳಿನಷ್ಟು ಬಿಳುಪು ಎಲ್ಲಿಂದ ಉಳಿಯಬೇಕು? ಅದು ಕರಿಸಿದ್ದಪ್ಪ ಇಟ್ಟಲ್ಲೇ ಇತ್ತು. ಪರದೆಯ ತನಕ ಬಂದಿರಲಿಲ್ಲ. ಬಂದಿಲ್ಲವೆಂಬುದನ್ನು ತಿಳಿಯಲು ತನಗೆ ಮೀಟರೂ ಇತ್ತು, ಕಣ್ಣೂ ಇತ್ತು. ಮಂಗಳವಾರದ ಸಂಚಿಕೆಗೆ ಬರೆಯಬೇಕಾದ ಮೊದಲ ವಾಕ್ಯ ಅದೇ. ಮಾವನ ಹೆಸರು ಎರಡನೆಯ ವಾಕ್ಯದಲ್ಲಿ ಬರುತ್ತದೆ, ಸರಿಯಾಗಿದ್ದ ಐದು ವರ್ಷಗಳ ಪಕ್ಕದಲ್ಲಿ.

“ಎಷ್ಟಲೇ?” ಎಂಬ ಕೂಗು ಕಿಂಡಿಯಿಂದ ಬೆಳಕಿನ ಜೊತೆಗೇ ಬಂತು.

ಹನ್ನೆರಡು ಎಂದರೆ ಮಾವ ನಗುತ್ತಿದ್ದ. ಹತ್ತು ಎಂದರೂ ಸಾಕಿತ್ತು. ಎರಡು ಅಂಕಿಗಳೂ ಬಾಯಿಯ ತನಕ ಬಂದು, ಮುಟ್ಟದೆ ನಿಂತವು. ಕಿಂಡಿಯಲ್ಲಿ ಬೆಳಕಿನ ಪಕ್ಕಕ್ಕೆ ಮಾವನ ತಲೆ ಕಾಣುತ್ತಿತ್ತು, ಕಿವಿ ಈ ಕಡೆಗೆ ತಿರುಗಿತ್ತು.

“ಮೂರು ಸಲ ಅಳದೆ ಮಾವ,” ಎಂದು ಓಬಳೇಶ ಕೂಗಿ ಹೇಳಿದ. “ನಾಕೂವರಿ.”